ಟಿಕಳಿ

ಇಪ್ಪತ್ತಮೂರು ಅದಾವ ಈಗ,
ಸೀರಿ ಇಡೂ ಖಣದಾಗ, ಹಳೇ ಇಳಕಲ್ ಸೆರಗಿನ ಮ್ಯಾಲ.
ತವರದ್ದು, ಬೀಡಿಂದು. ಒಂದಕ್ಕ ಹಿಡಿಕೀನ ಇಲ್ಲ.
ಒಂದರ ಹಿಡಿಕಿ ಮ್ಯಾಲ ಎಗರೂ ಕುದುರಿ ಅಚ್ಚು,
ಯಾರದೋ ಹೆಬ್ಬಟ್ಟು ತಿಕ್ಕಿ ತಿಕ್ಕಿ
ಅದರ ಕಾಲು ಮೂರ ಉಳದಾವ.
ಇನ್ನೊಂದರ ಹೊಟ್ಟಿಗೆ ಮೊಳಿಲೆ ಕೊರದದ:
‘ಬಾಬು, ಐದನೇ ಬ’.
ಯಾವ ಬಾಬುನೋ. ಬಂದು ಕೇಳಿದರ ಕೊಡೂದಿಲ್ಲ.

ಸೊಸಿ ಅಂತಾಳ, ಮಂದಿ ತಾಮ್ರದ ಹಂಡೆ ಕೂಡಸತಾರ,
ನೀವು ಇದೇನ್ರಿ ಅತ್ತಿ.

ಜೋರಾಪುರ ಪೇಟ್ಯಾಗ ಬಳಿಗಾರನ ಅಂಗಡಿ ಒಂದ,
ದೀಪಾವಳಿಗೆ ಅಪ್ಪ ಅಲ್ಲೇ ತರತಿದ್ದ:
ಗುರಪಾದಗ ಪಿಸ್ತೂಲಿನ ಟಿಕಳಿ, ಕೆಂಪ ಕಾಗದದ ಸುರುಳಿ.
ನನಗ ಹಣಿ ಟಿಕಳಿ. ಅದೂ ಕೆಂಪ.
ಒಂದ ಡಬ್ಬಿಯಿಂದ ತಗದು ಕೊಟ್ಟಂಗ ಇರತಿತ್ತು.
ಒಮ್ಮೆ ನನ್ನದನ್ನ ಹಿತ್ತಲ ಕಲ್ಲಿನ ಮ್ಯಾಲಿಟ್ಟು
ಇನ್ನೊಂದು ಕಲ್ಲಿಲೆ ಜಜ್ಜಿದೆ.
ಠಸ್ ಅನ್ನಲಿಲ್ಲ.
ಪುಡಿ ಆತು. ಅವ್ವ ಬೈದಳು.

ಆಟದಾಗ ಎಲ್ಲಾರೂ ಕೌಬಾಯ್.
ಮಾಳಿಂಗ ದಿನಾ ಮೂವತ್ತು ದನ ಹೊಡಕೊಂಡು
ನಮ್ಮ ಮುಂದ ಹಾದು ಹೋಗತಿದ್ದ, ಖರೇ ಖರೇ ದನ,
ಅವನ್ನ ಯಾರೂ ಆಟಕ್ಕ ಕರಕೊಳ್ಳಲಿಲ್ಲ.
ಅವನ ಹಂತ್ಯಾಕ ಹ್ಯಾಟ್ ಇರಲಿಲ್ಲಲ್ಲ.

ಅಣ್ಣನ ಎದಿಗೆ ತವರದ ಚಿಕ್ಕಿ,
ಡಾಲ್ಡಾ ಡಬ್ಬಿ ಮುಚ್ಚಳ ಕತ್ತರಿಸಿ ಮಾಡಿದ್ದು,
ಐದರ ಬದಲಿ ಆರು ಮೂಲಿ.
ಲಾಡ್ಲೇಮಶಾಕನ ಅಪ್ಪಂದು ಟಾಂಗಾ ಇತ್ತು,
ಬಿಜಲಿ ಅನ್ನೂ ಕುದುರಿ ಇತ್ತು,
ಅದಕ್ಕ ಪ್ರತೀ ಸಲ ಅಂವನ ನಾಯಕ.
ನಾನು? ಕುದುರಿ ಹಿಡಿಯಾಕಿ.
ಬಾರಾಕಮಾನಿನ ಹಿಂದ, ಬಿಸಲಾಗ, ಲಗಾಮು ಹಿಡದು ನಿಂತರ
ಬಿಜಲಿ ನನ್ನ ಜಡಿ ಹುಲ್ಲಂತ ತಿಳದು ಜಗೀತಿತ್ತು.
ಅತ್ತ ಕಮಾನಿನಿಂದ ಕಮಾನಿಗೆ ಠಸ್ ಠಸ್,
ಸಾಯವರು ಸಾಯತಿದ್ದರು, ಜಗಳಾಡಿ ಎದ್ದು ಬರತಿದ್ದರು:
‘ತಾಗಿಲ್ಲೋ! ಟಿಕಳಿ ಹಸಿ ಇತ್ತು, ಲೆಕ್ಕಕ್ಕಿಲ್ಲ!’

ಗುರಪಾದ ಒಂದು ಕಾನೂನು ಮಾಡಿದ್ದ:
ಗೋಳಗುಮ್ಮಟದಾಗ ಹೊಡದ ಒಂದು ಗುಂಡು
ಏಳು ಗುಂಡಿಗೆ ಸಮ.
ಒಳಗ ಹೋಗೂದ್ರಾಗ ಕಾವಲುಗಾರ ಚಡ್ಡಿ ಕಿಸೆ ಝಾಡಿಸಿ
ಪಿಸ್ತೂಲು ಕಸಗೊಂಡ.
ಆ ಏಳು ಸಾವು ಇನ್ನೂ ಬಾಕಿ ಅದಾವ.
ಸೊಲ್ಲಾಪುರಕ್ಕ ಫೋನ್ ಮಾಡಿ ನೆನಪ ಮಾಡಿದರ
ಗುರಪಾದ ಅಂತಾನ, ‘ಪಿಸ್ತೂಲಾ? ನಾ ಯಾವಾಗ ಆಡಿದ್ದೆ ಬೇ?’

ಲಾಡ್ಲೇಮಶಾಕ ಈಗ ಸ್ಟೇಷನ್ ರೋಡಿನಾಗ ಗುಜರಿ ತೂಗತಾನ.
ಪಿಸ್ತೂಲು ಬಂದರ ತಕ್ಕಡಿಗೆ ಹಾಕೂದಿಲ್ಲ,
ಕೈವಸ್ತ್ರದಾಗ ಸುತ್ತಿ ಸಂಜಿಗೆ ತರತಾನ,
ರೊಕ್ಕದ ಮಾತಿಗೆ ಛಾ ಕೇಳತಾನ.
ಸ್ಪ್ರಿಂಗ್ ನಾನ ಹಾಕತೀನಿ,
ಹೊಲಗಿ ಮಷೀನಿನ ಎಣ್ಣಿ ಎರಡು ಹನಿ.
ಹೆಚ್ಚಾಗಿ ಕೆಟ್ಟಿರೂದು ಕುದುರಿ, ಬೆರಳಿಗೆ ಸಿಗೂ ಆ ಸಣ್ಣ ಕುದುರಿ.
ಈಗೂ ಕುದುರಿ ಹಿಡಿಯೂದ ನನ್ನ ಕೆಲಸ.

ನಿನ್ನೆ ತಂದದ್ದು ಇಪ್ಪತ್ತಮೂರನೇದು.
ಜೋಡಿಗೆ ಒಂದು ಟಿಕಳಿ ಸುರುಳಿ,
ಕೆಂಪ ಹಾರಿ ಗುಲಾಬಿ ಆಗಿತ್ತು.
ಎಣ್ಣಿ ಬಿಟ್ಟೆ. ಸುರುಳಿ ಏರಿಸಿದೆ.
ಅಂವ ಬಾಗಲಾಗ ಬಶಿಗೆ ಛಾ ಸುರಕೊಂಡು ಊದಾಕ ಹತ್ತಿದ್ದ.
ಎತ್ತಿ ಗುರಿ ಹಿಡದೆ,
ಅರವತ್ತೊಂದನೇ ವರ್ಷದಾಗ, ಮೊದಲನೇ ಸಲ.

ಟಕ್.
ಅಷ್ಟ. ಹಸಿ ಇತ್ತು.

ಕಾನೂನಿನ ಪ್ರಕಾರ ಅಂವ ಸಾಯೂ ಜರೂರ ಇರಲಿಲ್ಲ.
ಬಶಿ ಕಟ್ಟಿ ಮ್ಯಾಲ ಇಟ್ಟ, ಸಾವಕಾಶ, ಚೆಲ್ಲದಂಗ.
ಎದಿ ಹಿಡಕೊಂಡ.
ಮೊಣಕಾಲಿಗೊಂದು ‘ಯಾ ಅಲ್ಲಾ’ ಅಂದು
ಚೌಕಟ್ಟಿಗೆ ಬೆನ್ನು ಕೊಟ್ಟು ಜಾರಕೋತ ಜಾರಕೋತ
ಹೊಸ್ತಲ ಮ್ಯಾಲ ಕುಂತ. ಕಣ್ಣು ಮುಚ್ಚಿದ.
ಎಷ್ಟೋ ಹೊತ್ತಿನ ಮ್ಯಾಲ ಒಂದು ಕಣ್ಣು ತಗದ:

‘ಇನ್ನ ಆರು ಉಳದಾವೇನು ಚಂಪಾ?’

‘ಏಳು’ ಅಂದೆ.
ಲೆಕ್ಕ ಹೇಳಿದೆ ಅಂತ ತಿಳಕೊಂಡನೋ ಏನೋ,
ಹಂಗ ಕುಂತ.