ಅಳತೆ

ಪರ್ಕಳದ ಶಾಲೆ. ಜೂನ್ ತಿಂಗಳು.
ಬಾಗಿಲಲ್ಲೇ ನಿಂತು ಗುಮಾಸ್ತರ ಕೂಗು:
‘ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ಲಿ.’
ನಾನು, ಅಂಗಾರನ ಮಗ ಸುಂದರ. ಇಬ್ಬರೇ.
ನಲವತ್ತು ತಲೆಗಳು ತಿರುಗಿದವು.

ಸುಳ್ಳು ಹೇಳಬಾರದು, ಎಲ್ಲ ಕೊಟ್ಟರು:
ಪುಸ್ತಕ, ನೀಲಿ ಅಂಗಿ, ವಾರಕ್ಕೆ ಮೂರು ಸಲ ಹಾಲು,
ಆ ವರ್ಷ ಶೂ ಕೂಡ, ಆರನೇ ನಂಬರು.
ನನ್ನ ಕಾಲು ನಾಲ್ಕು.
ತುದಿಗೆ ಹಳೆ ಪ್ರಶ್ನೆಪತ್ರಿಕೆ ತುರುಕಿ ನಡೆದೆ,
ಹೆಜ್ಜೆಗೊಮ್ಮೆ ಸರಕ್ ಸರಕ್.

ಗಣಿತದ ಪಿರಿಯಡ್ಡಿನಲ್ಲಿ ಕೈ ಎತ್ತಿದರೆ
‘ನಿನಗ್ಯಾಕೆ ಮಾರಾಯ್ತಿ, ಹೇಗೂ ಪಾಸು ಮಾಡ್ತಾರೆ.
ಹೋಗು, ಜಗಲಿ ಗುಡಿಸು.’
ಆ ದನಿಯಲ್ಲಿ ಸಿಟ್ಟೇ ಇರಲಿಲ್ಲ.
ಇದ್ದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಅಮ್ಮ ಬುಟ್ಟಿ ಹೆಣೆಯುವವಳು. ಶಾಲೆ ಕಂಡವಳಲ್ಲ.
ಬೀಳು ಮುಟ್ಟುವ ಮೊದಲು ಕೇಳುತ್ತಾಳೆ:
ಯಾವುದಕ್ಕೆ? ಎಷ್ಟು ಸೇರು ಹಿಡಿಯಬೇಕು?
ಹೊರುವವರು ಯಾರು?
ಆ ರಾತ್ರಿ ಗುಳ್ಳೆ ಎದ್ದ ನನ್ನ ಪಾದವನ್ನು
ಗೇಣಿನಲ್ಲಿ ಅಳೆದು
ಸುಮ್ಮನೆ ಕೂತಳು.

ಈಗ ನಾನು ಬ್ರಹ್ಮಾವರದಲ್ಲಿ ಅತಿಥಿ ಶಿಕ್ಷಕಿ.
ಮತ್ತೆ ಜೂನ್. ಇಲಾಖೆಯ ವಾಟ್ಸಾಪ್:
‘ಫಲಾನುಭವಿಗಳ ಪಟ್ಟಿ ಹನ್ನೊಂದು ಗಂಟೆಯೊಳಗೆ.’
ಹತ್ತೂವರೆ ಆಗಿತ್ತು.
ತರಗತಿಯ ಕಡೆ ತಿರುಗಿ ಬಾಯಿ ತೆರೆದೆ.
ನಾಲಿಗೆಯ ಮೇಲೆ ಆ ಹಳೆ ಮಾತೇ
ಎಲ್ಲರಿಗಿಂತ ಮೊದಲು
ಎದ್ದು ನಿಂತಿತು.