ಅರ್ಧ ಪುಟ

ಅರ್ಧ ಪುಟ ಸಾಕಂತೆ, ಭಾವಚಿತ್ರದ ಕೆಳಗೆ.
ಆಸ್ಪತ್ರೆಯ ಹೊಸ ಕಟ್ಟಡದ ಗೋಡೆಗೆ ತೂಗುಹಾಕುತ್ತಾರೆ.
ಅವರು ಹೇಳುತ್ತಾರೆ, ನಾನು ಟೈಪು ಮಾಡುತ್ತೇನೆ.
ಪುಂಟಾ ಅರೇನಾಸಿನ ಈ ಎರಡನೇ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರದು ಇದೇ ಕಸುಬು.

ಹೆಸರು: ಮಿಲೆಂಕಾ ಬಾರ್ಸಿಚ್.
ಹುದ್ದೆ: ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯೆ.
‘ಹದಿಹರೆಯದವರನ್ನು ತೆಗೆ ಓಫೆಲಿಯಾ, ಸಾಲು ಉದ್ದವಾಯಿತು’
ಅಂದವರು ಕನ್ನಡಕ ಒರೆಸಿಕೊಳ್ಳುತ್ತ ಅಂದರು:
‘ಬೇಡ, ಇರಲಿ. ಎಲ್ಲರೂ ಮೊದಲು ತೆಗೆಯುವುದು ಅವರನ್ನೇ.’

ಓದು: ಕನ್ಸೆಪ್ಸಿಯೋನಿನಲ್ಲಿ ವೈದ್ಯಕೀಯ, ಏಳು ವರ್ಷ.
ಸಾಂತಿಯಾಗೋದಲ್ಲಿ ಮನೋವೈದ್ಯ ತರಬೇತಿ.
ಕೂಡಿ ಕಳೆದರೆ ನಡುವೆ ಒಂದು ವರ್ಷ ಲೆಕ್ಕಕ್ಕೆ ಸಿಗುವುದಿಲ್ಲ.
ಕೇಳಿದೆ.
‘ತರಬೇತಿಯ ಪ್ರವೇಶ ಪರೀಕ್ಷೆಯಲ್ಲಿ ಫೇಲಾದೆ. ಊರಿಗೆ ಬಂದು
ಅಪ್ಪನ ಜೊತೆ ಉಣ್ಣೆ ಗೋದಾಮಿನಲ್ಲಿ ನಿಂತೆ.’

ಟೈಪು ನಿಂತಿತು, ಮಾತು ನಿಲ್ಲಲಿಲ್ಲ.
ಅಪ್ಪ ಒಂದೊಂದು ಮೂಟೆಯಿಂದ ಒಂದು ಕುಚ್ಚು ಕಿತ್ತು
ಎರಡೂ ತುದಿ ಎಳೆದು ಹಿಡಿದು, ಕಿವಿಯ ಹತ್ತಿರ ತಂದು
ಬೆರಳಿಂದ ಮೀಟುತ್ತಿದ್ದನಂತೆ.
ಗಟ್ಟಿ ಉಣ್ಣೆ ಟಿಣ್ ಅನ್ನುತ್ತದೆ.
ಕುರಿ ಒಂದು ಚಳಿಗಾಲ ಹೊಟ್ಟೆಗಿಲ್ಲದೆ ಕಳೆದಿದ್ದರೆ
ಎಳೆ ಸರಿಯಾಗಿ ಅಲ್ಲೇ, ಆ ತಿಂಗಳಲ್ಲೇ, ತುಂಡಾಗುತ್ತದೆ.
ಮೇಲೆ ನೋಡಿದರೆ ಬೆಣ್ಣೆಯಂಥ ಬಿಳುಪು.
‘ಕುರಿಯನ್ನು ಬೈಯಬಾರದು’ ಅನ್ನುತ್ತಿದ್ದನಂತೆ ಅಪ್ಪ,
‘ಆ ವರ್ಷ ಹುಲ್ಲು ಎಲ್ಲಿತ್ತು ಅಂತ ಕೇಳಬೇಕು.’
‘ಇದನ್ನು ಹಾಕಲೇ?’
‘ನಿನಗೇನು ಹುಚ್ಚೇ? ಗೋಡೆ ಮೇಲೆ ಕುರಿ ಬರೆಯುತ್ತಾರೇನು?’

ಭಾಷೆಗಳು: ಸ್ಪ್ಯಾನಿಷ್. ಓದುವಷ್ಟು ಇಂಗ್ಲಿಷ್.
ಕ್ರೊಯೇಷಿಯನ್, ಅಜ್ಜಿ ಕೋಳಿ ಓಡಿಸಲು ಬಳಸುತ್ತಿದ್ದಷ್ಟು.
ಕೊನೆಯದನ್ನು ನಾನು ‘ಅಲ್ಪ’ ಎಂದು ತಿದ್ದಿದೆ.

ಅನುಭವ: ಕಾಸ್ತ್ರೋ ಆಸ್ಪತ್ರೆ, ಮಕ್ಕಳ ವಾರ್ಡು, ಎರಡು ವರ್ಷ.
ಈ ಆಸ್ಪತ್ರೆ, ಮೂವತ್ತು ವರ್ಷ; ಅದರಲ್ಲಿ ಹನ್ನೊಂದು ವರ್ಷ
ಇಡೀ ಪ್ರಾಂತ್ಯಕ್ಕೆ ಒಬ್ಬರೇ.
2004ರಿಂದ: ಪೊರ್ವೆನಿರ್ ಚಿಕಿತ್ಸಾಲಯಕ್ಕೆ ಸಂದರ್ಶಕ ವೈದ್ಯೆ.

ಈ ಸಾಲು ನನಗೆ ಗೊತ್ತು.
ನಾನು ಕೆಲಸಕ್ಕೆ ಸೇರಿದ ಎರಡನೇ ತಿಂಗಳು.
ಜಲಸಂಧಿಯ ಆಚೆಯಿಂದ ಒಬ್ಬಳು ಬರಬೇಕಿತ್ತು,
ಯಾಸ್ನಾ, ಹದಿನಾಲ್ಕು, ಗುರುವಾರ ಹನ್ನೊಂದು ಗಂಟೆಗೆ.
ಗಾಳಿ ಎದ್ದಿತು. ದೋಣಿ ಬಿಡಲಿಲ್ಲ.
ಅವಳ ಹೆಸರಿನ ಮುಂದೆ ‘ಗೈರು’ ಎಂದು ಬರೆದದ್ದು ನನ್ನ ಕೈ.
ಮುಂದಿನ ಗುರುವಾರ ಗಾಳಿ ಇರಲಿಲ್ಲ,
ನೀರು ಹಾಸಿದ ಚಾಪೆಯಂತಿತ್ತು, ದೋಣಿ ಬಂತು,
ಅವಳ ಅಮ್ಮ ಒಬ್ಬಳೇ ಇಳಿದಳು.

ಡಾಕ್ಟರು ನನ್ನನ್ನು ಬೈಯಲಿಲ್ಲ.
ಪೆನ್ನು ತೆಗೆದು ‘ಗೈರು’ ಹೊಡೆದುಹಾಕಿ
‘ದೋಣಿ ಇರಲಿಲ್ಲ’ ಎಂದು ಬರೆದರು.
ಅಂದಿನಿಂದ ವಾರ ಬಿಟ್ಟು ವಾರ ತಾವೇ ದಾಟುತ್ತಾರೆ,
ವಾಂತಿ ಮಾಡಿಕೊಳ್ಳುತ್ತ, ಪ್ರತಿ ಸಲವೂ.
ಸಂದರ್ಶಕ ವೈದ್ಯೆ. ಎರಡು ಪದ. ಒತ್ತಿದೆ.

ಕಿಟಕಿಯಾಚೆ ಗಾಳಿ. ಚೌಕದ ಮೂಲೆಗಳಲ್ಲಿ
ನಗರಸಭೆಯವರು ಹಗ್ಗ ಕಟ್ಟಿದ್ದಾರೆ; ದೊಡ್ಡವರು
ಅದನ್ನು ಹಿಡಿದು ಒಬ್ಬರ ಹಿಂದೊಬ್ಬರು ರಸ್ತೆ ದಾಟುತ್ತಾರೆ.
ಶಾಲೆ ಬಿಟ್ಟ ಮಕ್ಕಳು ಹಗ್ಗ ಮುಟ್ಟುವುದಿಲ್ಲ.
ಜಾಕೆಟ್ಟಿನ ಗುಂಡಿ ಬಿಚ್ಚಿ, ಎರಡೂ ಕೈ ಚಾಚಿ
ಗಾಳಿಯ ಮೇಲೇ ಒರಗಿ ನಿಲ್ಲುತ್ತಾರೆ.
ಡಾಕ್ಟರು ಅವರನ್ನು ಎಣಿಸುತ್ತಾರೆ.
ನಾನು ನೋಡಿದ್ದೇನೆ, ತುಟಿ ಅಲ್ಲಾಡುತ್ತದೆ.

ಇವತ್ತೂ ಗುರುವಾರ.
ಬಂದರಿಗೆ ಫೋನು ಮಾಡಿದೆ: ದೋಣಿ ಇಲ್ಲ.
‘ಪ್ರಶಸ್ತಿಗಳು’ ಎಂಬ ಸಾಲನ್ನು ಹಾಗೇ ಬಿಟ್ಟು
ಕೋಟು ಬಿಚ್ಚದೆ, ಆಚೆ ದಡದ ಆರು ಮನೆಗಳ ಪಟ್ಟಿ ತೆಗೆದು
ಮೊದಲ ನಂಬರು ಒತ್ತುತ್ತಾರೆ.
‘ಹಲೋ ನಾಹುವೆಲ್, ನಾನು ಮಿಲೆಂಕಾ. ಇವತ್ತು ಬರಲಾಗುವುದಿಲ್ಲ.
ಅಲ್ಲ ಮಾರಾಯಾ, ನಿನ್ನಿಂದಲ್ಲ, ಗಾಳಿಯಿಂದ.
ಹ್ಞೂಂ. ಹೇಳು.’

ಆಮೇಲೆ ಮಾತಿಲ್ಲ.
ರಿಸೀವರು ಕಿವಿಗೆ ಒತ್ತಿ, ಕಣ್ಣು ಮುಚ್ಚಿ,
ತಲೆ ಒಂದಿಷ್ಟು ವಾಲಿಸಿ ಕೂತಿದ್ದಾರೆ.
ಅರ್ಧ ಪುಟ ತುಂಬಲು ಇನ್ನೂ ಮೂರು ಸಾಲು ಬೇಕು.
ಕೀಲಿಗಳ ಸದ್ದಾದೀತೆಂದು
ನಾನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದೇನೆ.