ಫಲಕ ನೆಡುವವನು

ಒರೆಸ್ಟ್ ಹ್ನಾಟ್ಯುಕ್ ಐದು ಸಲ ಗೆದ್ದ.
ಐದು ಸಲವೂ ಅವನ ಮುಖವನ್ನು ನೆಲಕ್ಕೆ ಹೊಡೆದವನು ನಾನು:
ಸುತ್ತಿಗೆ, ಗೂಟ, ಪಿಕಪ್ಪಿನ ಬೆನ್ನಲ್ಲಿ ಇನ್ನೂರು ನಗು.
ಏಪ್ರಿಲ್ಲಿನಲ್ಲೂ ಸಸ್ಕಾಚೆವಾನಿನ ಮಣ್ಣು ಕಬ್ಬಿಣ;
ಮೊದಲು ಹಾರೆಯಲ್ಲಿ ತೂತು, ಆಮೇಲೆ ಪ್ರಜಾಪ್ರಭುತ್ವ.

ಅವನಿಗೊಂದು ಗುಣವಿತ್ತು. ಕೈ ಕುಲುಕಿದರೆ
ಗ್ಲೌಸು ಕಳಚಿಯೇ ಕುಲುಕುತ್ತಿದ್ದ, ಮೈನಸ್ ಮೂವತ್ತರಲ್ಲೂ.
ಯಾರ ಹಸು ಈದದ್ದು ಯಾವಾಗ, ಯಾರಿಗೆ ಯಾವ ಮಂಡಿ ನೋವು,
ಎಲ್ಲ ನೆನಪು. ರಿಜೈನಾದಲ್ಲಿ ಮಾತ್ರ
ಹಿಂದಿನ ಸಾಲಿನ ಕುರ್ಚಿ. ಹನ್ನೊಂದು ತಿಂಗಳು
ರಸ್ತೆ ಮಂತ್ರಿ: ನಮ್ಮ ಕಡೆಗೆ ಒಂಬತ್ತು ಮೈಲಿ ಡಾಂಬರು,
ಸರಿಯಾಗಿ ಅವನ ಅತ್ತೆಮನೆ ಗೇಟಿಗೆ ಮುಗಿಯುವಂಥದ್ದು.
ಅದಕ್ಕೂ ನಕ್ಕೆವು.

ಆಸ್ಪತ್ರೆ ಮುಚ್ಚುವ ಮಸೂದೆ ಬಂದ ದಿನ
ಪಕ್ಷ ಎದ್ದು ನಿಂತಿತು, ಅವನೂ ನಿಂತ.
ಪಟ್ಟಿಯಲ್ಲಿ ನಮ್ಮೂರದು ಹದಿನೇಳನೆಯದು.
ಅಷ್ಟು ವರ್ಷ ಮನೆಮನೆಗೂ ಕೈ ಕೊಟ್ಟವನು
ಅವತ್ತು ಒಮ್ಮೆ, ಎಲ್ಲರಿಗೂ ಸೇರಿಸಿ,
ಕೈ ಕೊಟ್ಟ.

ಯಾರೂ ಬೈಯಲಿಲ್ಲ. ಕರ್ಲಿಂಗ್ ಅಂಗಳದ ಕ್ಯಾಂಟೀನಿನಲ್ಲಿ
ಸ್ಟೆಫಾನಿಯಾ ಅವನ ಕಾಫಿಗೆ ಮೊದಲ ಸಲ ದುಡ್ಡು ತಗೊಂಡಳು,
ಚಿಲ್ಲರೆ ಎಣಿಸಿ ವಾಪಸು ಕೊಟ್ಟಳು.

ಆರನೆಯ ಸಲವೂ ಗೂಟ ಹೊಡೆದೆ. ಯಾಕೆಂದು ಕೇಳಬೇಡಿ.
ಮರುದಿನ ಕೀಳಲು ಹೋದರೆ ಅವನೂ ಬಂದಿದ್ದ,
ಗ್ಲೌಸು ಹಾಕಿಕೊಂಡು. ಮಾತಿಲ್ಲದೆ ಎಣಿಸಿದೆವು:
ಇನ್ನೂರಕ್ಕೆ ನಾಲ್ಕು ಕಮ್ಮಿ.

ಆ ನಾಲ್ಕು ಈಗ ನನ್ನ ಟೊಮೇಟೊ ಗಿಡಕ್ಕೆ ಆಸರೆ.
ಅವನಿಗೂ ಗೊತ್ತು. ಆಗಸ್ಟಿನಲ್ಲಿ ಬಂದು
ಒಂದು ಬುಟ್ಟಿ ಒಯ್ಯುತ್ತಾನೆ,
ಈ ಸಲ ಕಾಯಿ ಸಣ್ಣ ಅಂತ ಗೊಣಗುತ್ತ.